ಇಂಗ್ಲಿಷ್ ಅಲಂಕಾರಗಳನ್ನು ಗುರುತಿಸಿ ಬರೆಯುವುದು ಹೇಗೆ: ಆಂಟನಿಯ ಭಾಷಣ ಇಟ್ಟುಕೊಂಡು ಒಂದು ಪಾಠ

ಇಂಗ್ಲಿಷ್ ಸಾಹಿತ್ಯ ಓದುವ ಹುಡುಗ ಹುಡುಗಿಯರ ನೋಟ್ಸ್‌ನಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಸಿಮಿಲಿ, ಮೆಟಫರ್, ಹೈಪರ್ಬೊಲಿ, ಮೆಟಾನಮಿ ಅಂತ ಒಂದರ ಕೆಳಗೆ ಒಂದು. ಪಕ್ಕದಲ್ಲಿ ಒಂದು ಸಾಲಿನ ವ್ಯಾಖ್ಯೆ, ಒಂದು ಉದಾಹರಣೆ. ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ಬಾಯಿಪಾಠ ಮಾಡುತ್ತಾರೆ. ಪ್ರಶ್ನೆಪತ್ರಿಕೆಯಲ್ಲಿ ಅದೇ ಉದಾಹರಣೆ ಬಂದರೆ ಬಚಾವ್. ಬೇರೆ ಸಾಲು ಕೊಟ್ಟರೆ ಪೆನ್ನು ನಿಂತುಬಿಡುತ್ತದೆ.

ಪಟ್ಟಿ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಹೆಸರು ಗೊತ್ತಾದ ಮಾತ್ರಕ್ಕೆ ಉತ್ತರ ಆಗುವುದಿಲ್ಲ. ಈ ಸಾಲು ಯಾರ ಮೇಲೆ ಏನು ಕೆಲಸ ಮಾಡಿತು ಎಂದು ಹೇಳಿದಾಗ ಉತ್ತರ ಶುರುವಾಗುತ್ತದೆ. ಅದನ್ನು ಕಲಿಯಲು ಐವತ್ತು ಪುಸ್ತಕಗಳಿಂದ ಐವತ್ತು ಸಾಲು ಹೆಕ್ಕುವುದಕ್ಕಿಂತ ಒಂದೇ ದೃಶ್ಯ ಹಿಡಿದು ಕೂರುವುದು ಒಳ್ಳೆಯದು.

ನಾನು ಆರಿಸಿಕೊಂಡಿರುವುದು ಶೇಕ್ಸ್‌ಪಿಯರ್‌ನ ‘ಜೂಲಿಯಸ್ ಸೀಸರ್’ ನಾಟಕದ ಮೂರನೇ ಅಂಕದ ಎರಡನೇ ದೃಶ್ಯ. ನಾಟಕ 1599ರಲ್ಲಿ ರಂಗಕ್ಕೆ ಬಂತು, 1623ರ ಫೋಲಿಯೊದಲ್ಲಿ, ಅಂದರೆ ಅವನ ನಾಟಕಗಳ ದೊಡ್ಡ ಸಂಪುಟದಲ್ಲಿ, ಅಚ್ಚಾಯಿತು. ಇದನ್ನೇ ಆರಿಸಲು ಕಾರಣ ಇದೆ. ರೋಮಿನ ನಾಯಕ ಸೀಸರ್‌ನ ಕೊಲೆಯಾಗಿದೆ. ಒಂದೇ ಜನರ ಗುಂಪಿನ ಮುಂದೆ ಇಬ್ಬರು ಮಾತಾಡುತ್ತಾರೆ. ಕೊಂದದ್ದು ಯಾಕೆ ಸರಿ ಎಂದು ಮೊದಲು ಕೊಂದವರಲ್ಲೊಬ್ಬನಾದ ಬ್ರೂಟಸ್ ಹೇಳುತ್ತಾನೆ, ಜನ ಜೈ ಅನ್ನುತ್ತಾರೆ. ಆಮೇಲೆ ಸೀಸರ್‌ನ ಗೆಳೆಯ ಆಂಟನಿ ಮಾತಾಡುತ್ತಾನೆ, ಅದೇ ಜನ ಬ್ರೂಟಸ್‌ನ ಮನೆಗೆ ಬೆಂಕಿ ಹಚ್ಚಲು ಓಡುತ್ತಾರೆ. ಯಾವ ಮಾತು ಏನು ಮಾಡಿತು ಎಂದು ನಾವು ಊಹಿಸಬೇಕಾಗಿಲ್ಲ. ಗುಂಪೇ ನಡುನಡುವೆ ಬಾಯಿಬಿಟ್ಟು ಹೇಳುತ್ತದೆ. ಪಠ್ಯ ಪಕ್ಕದಲ್ಲಿ ಇಟ್ಟುಕೊಂಡು ಮುಂದೆ ಓದಿ.

ಮೊದಲು ಗಟ್ಟಿಯಾಗಿ ಓದಿ, ಹೆಸರು ಆಮೇಲೆ

ಎರಡು ಸಲ ಗಟ್ಟಿಯಾಗಿ ಓದಿ. ಪೆನ್ಸಿಲ್ ಕೈಯಲ್ಲಿರಲಿ. ಯಾವ ಅಲಂಕಾರ ಎಂದು ಈಗಲೇ ಯೋಚಿಸಬೇಡಿ. ನಾಲ್ಕು ಜಾಗದಲ್ಲಿ ಗೆರೆ ಎಳೆದರೆ ಸಾಕು: ಅದೇ ಮಾತು ಮತ್ತೆ ಬಂದಲ್ಲಿ, ನೇರ ಅರ್ಥ ತಗೊಂಡರೆ ಅಸಂಬದ್ಧ ಅನ್ನಿಸಿದಲ್ಲಿ, ಹೇಳುವುದೊಂದು ಮನಸ್ಸಿನಲ್ಲಿರುವುದೊಂದು ಅನ್ನಿಸಿದಲ್ಲಿ, ಮಾತು ತಟ್ಟನೆ ನಿಂತಲ್ಲಿ.

ಗಟ್ಟಿಯಾಗಿ ಓದಿದಾಗಲೇ ಒಂದು ವಿಷಯ ಕಿವಿಗೆ ಬೀಳುತ್ತದೆ. ಬ್ರೂಟಸ್ ಆಡುವುದು ಗದ್ಯ. ಆಂಟನಿ ಆಡುವುದು ಬ್ಲ್ಯಾಂಕ್ ವರ್ಸ್, ಅಂದರೆ ಅಂತ್ಯಪ್ರಾಸ ಇಲ್ಲದ, ಸಾಲಿಗೆ ಐದು ಒತ್ತು ಬೀಳುವ ಪದ್ಯ. ಒಬ್ಬ ವಕೀಲನ ಹಾಗೆ ವಾದ ಮಂಡಿಸುತ್ತಾನೆ. ಇನ್ನೊಬ್ಬನ ಮಾತಿಗೆ ಮೊದಲಿನಿಂದಲೂ ಒಂದು ಲಯ ಇದೆ.

ಈಗ ಇಬ್ಬರ ಮೊದಲ ಮಾತನ್ನು ಅಕ್ಕಪಕ್ಕ ಇಡಿ. ಬ್ರೂಟಸ್: ‘ರೋಮನ್ಸ್, ಕಂಟ್ರಿಮೆನ್, ಅಂಡ್ ಲವರ್ಸ್’. ಆಂಟನಿ: ‘ಫ್ರೆಂಡ್ಸ್, ರೋಮನ್ಸ್, ಕಂಟ್ರಿಮೆನ್’. ಎರಡೂ ಕಡೆ ಮೂರು ಮೂರು ಸಂಬೋಧನೆ. ಹೀಗೆ ಮೂರನ್ನು ಸಾಲಾಗಿ ನಿಲ್ಲಿಸುವುದಕ್ಕೆ ಟ್ರೈಕೋಲನ್ ಅನ್ನುತ್ತಾರೆ. ವ್ಯತ್ಯಾಸ ಎಲ್ಲಿದೆ ನೋಡಿ. ಬ್ರೂಟಸ್ ಪೌರತ್ವದಿಂದ ಶುರು ಮಾಡುತ್ತಾನೆ, ಪ್ರೀತಿಪಾತ್ರರು ಎಂಬ ಅರ್ಥದ ‘ಲವರ್ಸ್’ ಕೊನೆಗೆ. ಆಂಟನಿ ಗೆಳೆತನದಿಂದಲೇ ಶುರು ಮಾಡುತ್ತಾನೆ. ಜೊತೆಗೆ ಅವನ ಮೂರು ಪದಗಳು ಒಂದು, ಎರಡು, ಮೂರು ಉಚ್ಚಾರಾಂಶಗಳಾಗಿ ಬೆಳೆಯುತ್ತವೆ. ಗಲಾಟೆ ಮಾಡುತ್ತಿರುವ ಗುಂಪಿನ ಗಮನ ಸೆಳೆಯಲು ಮೊದಲು ಒಂದೇ ಒಂದು ಗಟ್ಟಿ ಪೆಟ್ಟು, ಆಮೇಲೆ ಸ್ವಲ್ಪ ಉದ್ದ, ಆಮೇಲೆ ಇನ್ನೂ ಉದ್ದ. ಟ್ರೈಕೋಲನ್ ಎಂಬ ಹೆಸರು ಮರೆತರೂ ಇಷ್ಟನ್ನು ನೀವು ಬರೆಯಬಲ್ಲಿರಿ, ಅಲ್ವಾ?

ಎರಡು ಗುಂಪು ಮಾಡಿಕೊಳ್ಳಿ

ಹೈಸ್ಕೂಲಿನ ಕನ್ನಡ ವ್ಯಾಕರಣ ಇಲ್ಲಿ ಕೈ ಹಿಡಿಯುತ್ತದೆ. ಶಬ್ದಾಲಂಕಾರ, ಅರ್ಥಾಲಂಕಾರ ಅಂತ ಓದಿದ್ದೀರಿ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಇವೆರಡಕ್ಕೂ ಬೇರೆ ಬೇರೆ ಪರಿಚ್ಛೇದವನ್ನೇ ಕೊಟ್ಟಿದೆ. ಇಂಗ್ಲಿಷಿನಲ್ಲೂ ಹೆಚ್ಚುಕಡಿಮೆ ಇಂಥದೇ ವಿಂಗಡಣೆ ಇದೆ. ಪದಗಳ ಜೋಡಣೆ, ಸದ್ದು, ಕ್ರಮದಿಂದ ಆಗುವುದು ಸ್ಕೀಮ್. ಅರ್ಥವನ್ನೇ ತಿರುಗಿಸುವುದು ಟ್ರೋಪ್.

ಗುರುತಿಸಲು ನಮ್ಮ ಹಳೇ ಅಲಂಕಾರಿಕರ ಪರೀಕ್ಷೆಯೇ ಸಾಕು: ಪದ ತೆಗೆದು ಅದೇ ಅರ್ಥದ ಇನ್ನೊಂದು ಪದ ಹಾಕಿ. ಅಲಂಕಾರ ಮಾಯವಾದರೆ ಅದು ಶಬ್ದದ್ದು, ಉಳಿದರೆ ಅರ್ಥದ್ದು. ತನಗೆ ‘ವಿಟ್’, ‘ವರ್ಡ್ಸ್’, ‘ವರ್ತ್’ ಯಾವುದೂ ಇಲ್ಲ ಎಂದು ಆಂಟನಿ ಹೇಳಿಕೊಳ್ಳುತ್ತಾನೆ. ‘ವಿಟ್’ ತೆಗೆದು ‘ಇಂಟೆಲಿಜೆನ್ಸ್’ ಹಾಕಿ ನೋಡಿ. ಸದ್ದಿನ ಆಟ ಕೆಟ್ಟಿತು. ಹಾಗಾಗಿ ಅದು ಅಲಿಟರೇಶನ್. ಇನ್ನೊಂದು ಕಡೆ, ತನ್ನ ಹೃದಯ ಸೀಸರ್ ಜೊತೆ ಶವಪೆಟ್ಟಿಗೆಯಲ್ಲಿದೆ ಅನ್ನುತ್ತಾನೆ. ‘ಕಾಫಿನ್’ ತೆಗೆದು ‘ಬಾಕ್ಸ್’ ಅಂದರೂ ಮೆಟಫರ್ ಹಾಗೇ ಇರುತ್ತದೆ, ಚಂದ ಮಾತ್ರ ಕೆಡುತ್ತದೆ.

ಅಲಿಟರೇಶನ್ ಬಗ್ಗೆ ಒಂದು ಎಚ್ಚರಿಕೆ. ಅದನ್ನು ನಮ್ಮ ಆದಿಪ್ರಾಸಕ್ಕೆ ಸಮ ಅಂದುಕೊಳ್ಳಬೇಡಿ. ಆದಿಪ್ರಾಸ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯವಹಾರ. ಅಲಿಟರೇಶನ್‌ಗೆ ಹತ್ತಿರ ಇರುವುದು ಅನುಪ್ರಾಸ. ಇನ್ನೊಂದು, ಕಣ್ಣನ್ನು ನಂಬಬೇಡಿ, ಕಿವಿಯನ್ನು ನಂಬಿ. ‘ಸೀಸರ್’ ಮತ್ತು ‘ಕ್ರೌನ್’ ಎರಡೂ ಸಿ ಅಕ್ಷರದಿಂದ ಶುರುವಾದರೂ ಸದ್ದು ಬೇರೆ. ಅಲ್ಲಿ ಅಲಿಟರೇಶನ್ ಇಲ್ಲ.

ಉಪಮೆಯ ನಾಲ್ಕು ತುಂಡು, ಮೆಟಫರ್‌ನ ಎರಡು

ಸಿಮಿಲಿ ಬಂದಾಗ ಲಕ್ಷಣ ಸಮನ್ವಯ ಮಾಡಿಬಿಡಿ, ಹತ್ತನೇ ಕ್ಲಾಸಿನ ಹಾಗೆ. ಹಿಂದಿನ ದೃಶ್ಯದಲ್ಲಿ ಸೀಸರ್ ಹೇಳುತ್ತಾನೆ: ‘ಐ ಆ್ಯಮ್ ಕಾನ್‌ಸ್ಟಂಟ್ ಆ್ಯಸ್ ದ ನಾರ್ದರ್ನ್ ಸ್ಟಾರ್’. ಉಪಮೇಯ ಸೀಸರ್. ಉಪಮಾನ ಧ್ರುವನಕ್ಷತ್ರ. ವಾಚಕಪದ ‘ಆ್ಯಸ್’. ಸಮಾನಧರ್ಮ ಅಲುಗದೆ ನಿಲ್ಲುವುದು. ನಾಲ್ಕೂ ಇವೆ, ಪೂರ್ಣೋಪಮೆ. ಇಲ್ಲಿಗೆ ನಿಲ್ಲಿಸಿದರೆ ಅದು ವ್ಯಾಕರಣದ ಉತ್ತರ. ಸಾಹಿತ್ಯದ ಉತ್ತರಕ್ಕೆ ಇನ್ನೊಂದು ವಾಕ್ಯ ಬೇಕು: ನಾನು ಅಲುಗುವುದಿಲ್ಲ ಎಂದು ಹೇಳಿದ ಕೆಲವೇ ಕ್ಷಣಗಳಲ್ಲಿ ಅವನನ್ನು ಇರಿದು ಕೆಡವುತ್ತಾರೆ. ಅಷ್ಟು ಎತ್ತರದ ಹೋಲಿಕೆಯೇ ಅವನ ಅಹಂಕಾರವನ್ನು ತೋರಿಸುತ್ತದೆ, ಬೀಳುವುದನ್ನು ಇನ್ನೂ ದೊಡ್ಡದು ಮಾಡುತ್ತದೆ.

ಮೆಟಫರ್‌ನಲ್ಲಿ ವಾಚಕಪದ ಇರುವುದಿಲ್ಲ, ನಮ್ಮ ರೂಪಕದಂತೆ. ಇಂಗ್ಲಿಷ್ ವಿಮರ್ಶಕ ಐ. ಎ. ರಿಚರ್ಡ್ಸ್ 1936ರಲ್ಲಿ ಇದರ ಎರಡು ಭಾಗಗಳಿಗೆ ಟೆನರ್, ವೆಹಿಕಲ್ ಎಂದು ಹೆಸರಿಟ್ಟ. ಟೆನರ್ ಅಂದರೆ ಉಪಮೇಯ, ವೆಹಿಕಲ್ ಅಂದರೆ ಉಪಮಾನ. ಇಷ್ಟು ಗೊತ್ತಿದ್ದರೆ ಮೆಟಫರ್ ಬಗೆಗಿನ ಅರ್ಧ ಭಯ ಹೋಗುತ್ತದೆ.

ಆಂಟನಿ ಸೀಸರ್‌ನ ಗಾಯಗಳನ್ನು ‘ಪೂರ್ ಪೂರ್ ಡಂಬ್ ಮೌತ್ಸ್’ ಅನ್ನುತ್ತಾನೆ. ಪಾಪದ ಮೂಕ ಬಾಯಿಗಳು. ನನ್ನ ಪರವಾಗಿ ಇವೇ ಮಾತಾಡಲಿ ಅನ್ನುತ್ತಾನೆ. ಗಾಯ ಟೆನರ್, ಬಾಯಿ ವೆಹಿಕಲ್. ಎರಡಕ್ಕೂ ಹೋಲಿಕೆ ಏನು? ತೆರೆದಿವೆ, ಕೆಂಪಗಿವೆ. ಹೋಲಿಕೆ ಇಲ್ಲದ್ದೇನು? ಬಾಯಿ ಮಾತಾಡುತ್ತದೆ, ಗಾಯ ಮಾತಾಡುವುದಿಲ್ಲ. ಒಳ್ಳೆಯ ಮೆಟಫರ್ ಸಿಕ್ಕಾಗ ಈ ಎರಡನೇ ಪ್ರಶ್ನೆಯನ್ನು ಕೇಳಲೇಬೇಕು, ಯಾಕೆಂದರೆ ಎಷ್ಟೋ ಸಲ ಗುಟ್ಟು ಅಲ್ಲೇ ಇರುತ್ತದೆ. ಗಾಯ ಮಾತಾಡದ ಕಾರಣಕ್ಕೇ ಅದರ ಬದಲು ಜನ ಕೂಗಬೇಕಾಗುತ್ತದೆ. ಆಂಟನಿಗೆ ಬೇಕಾದದ್ದೂ ಅದೇ.

ಕನ್ನಡದಿಂದ ಬಂದವರು ಬೀಳುವ ಒಂದು ಗುಂಡಿ ಇದೆ. ಹೈಪರ್ಬೊಲಿ ಅಂದರೆ ಉತ್ಪ್ರೇಕ್ಷೆ ಎಂದು ಸುಮ್ನೆ ಬರೆದುಬಿಡುತ್ತಾರೆ. ದಿನಬಳಕೆಯಲ್ಲಿ ಸರಿ. ಆದರೆ ಉತ್ಪ್ರೇಕ್ಷಾಲಂಕಾರ ಅಂದರೆ ಒಂದು ವಸ್ತುವನ್ನು ಇನ್ನೊಂದೋ ಎಂಬಂತೆ ಕಲ್ಪಿಸುವುದು. ಇದ್ದದ್ದನ್ನು ಹಿಗ್ಗಿಸಿ ಹೇಳುವ ಹೈಪರ್ಬೊಲಿಗೆ ಹತ್ತಿರವಿರುವುದು ಅತಿಶಯೋಕ್ತಿ.

ಕಿವಿ ಕೊಡಿ: ಮೆಟಾನಮಿಯೋ, ಸಿನೆಕ್ಡಕಿಯೋ

‘ಲೆಂಡ್ ಮೀ ಯುವರ್ ಇಯರ್ಸ್’. ನಿಮ್ಮ ಕಿವಿಗಳನ್ನು ಸಾಲ ಕೊಡಿ. ಕೊಯ್ದು ಕೊಡಿ ಎಂದಲ್ಲ ಅಂತ ಎಲ್ಲರಿಗೂ ಗೊತ್ತು. ಹಾಗಾದರೆ ಇದು ಏನು?

ಮೂರು ಪ್ರಶ್ನೆ ಕೇಳಿ. ಎರಡು ವಸ್ತುಗಳ ನಡುವೆ ಹೋಲಿಕೆ ಇದೆಯಾ? ಇದ್ದರೆ ಮೆಟಫರ್. ಒಂದು ಇನ್ನೊಂದರ ಭಾಗವಾ? ಆದರೆ ಸಿನೆಕ್ಡಕಿ. ಹೋಲಿಕೆಯೂ ಇಲ್ಲ, ಭಾಗವೂ ಅಲ್ಲ, ಬರೀ ನಂಟು ಇದೆಯಾ? ಆಗ ಮೆಟಾನಮಿ. ‘ದುಡಿಯೋದು ಎರಡು ಕೈ, ತಿನ್ನೋದು ಐದು ಬಾಯಿ’ ಅಂದರೆ ಕೈ, ಬಾಯಿ ಮನುಷ್ಯರ ಭಾಗ, ಹಾಗಾಗಿ ಸಿನೆಕ್ಡಕಿ. ‘ವಿಧಾನಸೌಧ ಇನ್ನೂ ಒಪ್ಪಿಲ್ಲ’ ಅಂದರೆ ಕಟ್ಟಡ ಸರ್ಕಾರದ ಭಾಗ ಅಲ್ಲ, ನಂಟು ಅಷ್ಟೇ, ಹಾಗಾಗಿ ಮೆಟಾನಮಿ.

ಆಂಟನಿ ಕೇಳುತ್ತಿರುವುದು ಗಮನವನ್ನು. ಕಿವಿ ಗಮನದ ಭಾಗ ಅಲ್ಲ, ಸಾಧನ. ನನ್ನ ಪ್ರಕಾರ ಇದು ಮೆಟಾನಮಿ. ಕೆಲವು ಗೈಡುಗಳು ಇದನ್ನು ಸಿನೆಕ್ಡಕಿ ಅನ್ನುತ್ತವೆ, ಕಿವಿ ಕೇಳುವ ಮನುಷ್ಯನ ಭಾಗ ಎಂಬ ಕಾರಣಕ್ಕೆ. ಜಗಳ ಬೇಡ. ಯಾವ ಹೆಸರು ಬರೆದರೂ ಕಾರಣ ಬರೆಯಿರಿ. ‘ಲೆಂಡ್’ ಎಂಬ ಪದವನ್ನೂ ಬಿಡಬೇಡಿ. ಕೊಡಿ ಅನ್ನಲಿಲ್ಲ, ಸಾಲ ಕೊಡಿ ಅಂದ. ಸ್ವಲ್ಪ ಹೊತ್ತು ಕೊಟ್ಟು ವಾಪಸ್ ತಗೊಳ್ಳಿ ಎಂಬ ವಿನಯ ಅದರಲ್ಲಿದೆ. ಬ್ರೂಟಸ್‌ಗೆ ಈಗಷ್ಟೇ ಜೈ ಅಂದ ಜನರ ಮುಂದೆ ಅದಕ್ಕಿಂತ ಜಾಸ್ತಿ ಕೇಳುವ ಧೈರ್ಯ ಅವನಿಗಿನ್ನೂ ಬಂದಿಲ್ಲ.

ಉಚ್ಚಾರ ಕೇಳಿದವರಿಗೆ: ಸಿನೆಕ್ಡೋಚ್ ಅಲ್ಲ, ಸಿನೆಕ್ಡಕಿ. ಹೈಪರ್‌ಬೋಲ್ ಅಲ್ಲ, ಹೈಪರ್ಬೊಲಿ. ವೈವಾದಲ್ಲಿ ಉಪಯೋಗಕ್ಕೆ ಬರುತ್ತದೆ.

ಐರನಿ: ಇಲ್ಲಿ ನಿಧಾನ ಮಾಡಿ

ಇಡೀ ದೃಶ್ಯದ ಬೆನ್ನೆಲುಬು ಇದು. ಐರನಿ ಅಂದರೆ ಹೇಳಿದ್ದರ ಉಲ್ಟಾ ಅರ್ಥ ಎಂದು ಬರೆದು ಮುಂದೆ ಹೋಗಿಬಿಟ್ಟರೆ ನಷ್ಟ. ಯಾಕೆ ಉಲ್ಟಾ ಹೇಳಬೇಕಾಯಿತು ಎಂದು ಮೊದಲು ಕೇಳಿ. ಶವದ ಮುಂದೆ ಮಾತಾಡಲು ಬ್ರೂಟಸ್ ಒಪ್ಪಿಗೆ ಕೊಟ್ಟಾಗ ಒಂದು ಷರತ್ತು ಹಾಕಿದ್ದ: ನಮ್ಮನ್ನು ಬೈಯಬಾರದು. ಅಂದರೆ ಆಂಟನಿಯ ಬಾಯಿ ಕಟ್ಟಿದೆ. ಬೈಯದೆ ಬೈಯಬೇಕು. ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು ವ್ಯಾಜಸ್ತುತಿ, ಹೊಗಳುವ ನೆಪದಲ್ಲಿ ತೆಗಳುವುದು. 1589ರಲ್ಲಿ ಪುಟ್ನಮ್ ಎಂಬಾತ ಅಲಂಕಾರಗಳಿಗೆ ಇಂಗ್ಲಿಷಿನದೇ ಹೆಸರು ಕೊಡಲು ಹೊರಟು ಐರನಿಯನ್ನು ‘ಡ್ರೈ ಮಾಕ್’ ಎಂದು ಕರೆದ. ಒಣ ಗೇಲಿ. ನಗದೆ ಮಾಡುವ ಗೇಲಿ.

ಈಗ ‘ಬ್ರೂಟಸ್ ಈಸ್ ಆ್ಯನ್ ಆನರಬಲ್ ಮ್ಯಾನ್’ ಎಂಬ ಮಾತು ಬಂದ ಕಡೆಯೆಲ್ಲ ಗುರುತು ಹಾಕಿ, ಪ್ರತಿ ಸಲ ಅದಕ್ಕೆ ಮುಂಚೆ ಏನಿದೆ ನೋಡಿ. ಮೊದಲ ಸಲ ಮುಂಚೆ ಏನೂ ಇಲ್ಲ. ಬ್ರೂಟಸ್ ಗೌರವಸ್ಥ, ಅವನ ಅಪ್ಪಣೆ ಪಡೆದು ಮಾತಾಡುತ್ತಿದ್ದೇನೆ ಎಂಬ ಸಭ್ಯ ಮಾತು ಅಷ್ಟೇ. ಯಾರೂ ತಕರಾರು ಮಾಡುವಂತಿಲ್ಲ. ಮುಂದೆ, ಸೀಸರ್ ಸೆರೆಯಾಳುಗಳನ್ನು ತಂದು ಅವರ ಬಿಡುಗಡೆ ಹಣದಿಂದ ರೋಮಿನ ಖಜಾನೆ ತುಂಬಿದ, ಬಡವರು ಅತ್ತಾಗ ತಾನೂ ಅತ್ತ ಎನ್ನುತ್ತಾನೆ. ಆದರೂ ಬ್ರೂಟಸ್ ಹೇಳುತ್ತಾನೆ ಸೀಸರ್‌ಗೆ ಅಧಿಕಾರದಾಸೆ ಇತ್ತು ಅಂತ, ಬ್ರೂಟಸ್ ಗೌರವಸ್ಥ. ಮತ್ತೆ ಮುಂದೆ, ಕಿರೀಟವನ್ನು ನಾನೇ ಮೂರು ಸಲ ಕೊಡಹೋದೆ, ಮೂರು ಸಲವೂ ಬೇಡ ಅಂದ. ಆದರೂ ಬ್ರೂಟಸ್ ಹಾಗೆ ಹೇಳುತ್ತಾನೆ. ಈ ಸಲ ಒಂದು ಚಿಕ್ಕ ಪದ ಸೇರಿಕೊಳ್ಳುತ್ತದೆ, ‘ಶ್ಯೂರ್’. ‘ಅಂಡ್, ಶ್ಯೂರ್, ಹಿ ಈಸ್ ಆ್ಯನ್ ಆನರಬಲ್ ಮ್ಯಾನ್’. ಹೌದಪ್ಪಾ, ಖಂಡಿತ ಗೌರವಸ್ಥನೇ ಅಂದ ಹಾಗೆ. ವಾಕ್ಯ ಬದಲಾಗಿಲ್ಲ. ಅದಕ್ಕೆ ಮುಂಚಿನ ಸಾಕ್ಷಿ ಬದಲಾಗುತ್ತಾ ಅದೇ ವಾಕ್ಯ ಕೊಳೆಯುತ್ತಾ ಹೋಗುತ್ತದೆ.

ಫಲಿತಾಂಶ ಗುಂಪಿನ ಬಾಯಲ್ಲಿ ಬರುತ್ತದೆ. ‘ದೇ ವರ್ ಟ್ರೇಟರ್ಸ್: ಆನರಬಲ್ ಮೆನ್!’ ಎಂದು ಒಬ್ಬ ಕೂಗುತ್ತಾನೆ. ದ್ರೋಹಿಗಳು ಎಂಬ ಮಾತನ್ನು ಆಂಟನಿ ಅಲ್ಲಿಯವರೆಗೂ ಆಡಿರಲಿಲ್ಲ. ಷರತ್ತು ಮುರಿದಿರಲಿಲ್ಲ. ಜನರೇ ಆಡಿದರು. ವರ್ಬಲ್ ಐರನಿ, ಅಂದರೆ ಆಡುವ ಮಾತಿನಲ್ಲೇ ಇರುವ ಐರನಿ ಬಗ್ಗೆ ಒಂದೇ ಉದಾಹರಣೆ ನೆನಪಿಡಬೇಕಾದರೆ ಇದನ್ನು ಇಟ್ಟುಕೊಳ್ಳಿ.

ಉಳಿದೆರಡು ಬಗೆಯೂ ಇಲ್ಲೇ ಸಿಗುತ್ತವೆ. ಹಿಂದಿನ ದೃಶ್ಯದ ಕೊನೆಯಲ್ಲಿ ಆಂಟನಿ ಒಬ್ಬನೇ ಶವದ ಮುಂದೆ ನಿಂತು ರಕ್ತಪಾತವಾಗುತ್ತದೆ ಎಂದು ಭವಿಷ್ಯ ನುಡಿದಿದ್ದಾನೆ. ನೋಡುವ ನಮಗೆ ಗೊತ್ತು, ರೋಮಿನ ಗುಂಪಿಗೆ ಗೊತ್ತಿಲ್ಲ. ಅದು ಡ್ರಮ್ಯಾಟಿಕ್ ಐರನಿ. ಇನ್ನು ಸೀಸರ್ ರಾಜನಾಗಬಾರದು ಎಂದು ಬ್ರೂಟಸ್ ಅವನನ್ನು ಕೊಂದ. ಬ್ರೂಟಸ್‌ನ ಭಾಷಣ ಮುಗಿದ ಕೂಡಲೇ ಗುಂಪಿನಲ್ಲಿ ಒಬ್ಬ ಏನು ಕೂಗುತ್ತಾನೆ? ‘ಲೆಟ್ ಹಿಮ್ ಬಿ ಸೀಸರ್’. ಇವನೇ ಸೀಸರ್ ಆಗಲಿ! ಮಾಡಿದ ಕೆಲಸದ ಉದ್ದೇಶವೇ ತಲೆಕೆಳಗಾಯಿತು. ಅದು ಸಿಚುಯೇಶನಲ್ ಐರನಿ. ಬ್ರೂಟಸ್‌ನ ಸೋಲು ಆಂಟನಿ ಬಾಯಿ ತೆರೆಯುವ ಮುಂಚೆಯೇ ಶುರುವಾಗಿದೆ ಎಂದು ನನಗನ್ನಿಸುವುದು ಈ ಒಂದು ಕೂಗಿನಿಂದ.

ಬ್ರೂಟಸ್‌ನ ಸಮತೂಕದ ವಾಕ್ಯಗಳು

ಬ್ರೂಟಸ್ ಕೆಟ್ಟ ಭಾಷಣಕಾರ ಅಲ್ಲ. ಅಲಂಕಾರ ಅವನಲ್ಲೂ ತುಂಬಾ ಇವೆ, ಆದರೆ ಬಹುತೇಕ ಸ್ಕೀಮ್‌ಗಳು. ನನ್ನ ಗೌರವದ ಸಲುವಾಗಿ ನನ್ನನ್ನು ನಂಬಿ, ನಂಬಲು ಸಾಧ್ಯವಾಗುವಂತೆ ನನ್ನ ಗೌರವವನ್ನು ಮನಸ್ಸಿನಲ್ಲಿಡಿ ಅನ್ನುತ್ತಾನೆ. ಮೂಲದಲ್ಲಿ ‘ಬಿಲೀವ್, ಆನರ್, ಆನರ್, ಬಿಲೀವ್’ ಎಂಬ ಕ್ರಮ. ಹೀಗೆ ಕನ್ನಡಿ ಹಿಡಿದಂತೆ ತಿರುಗಿ ಬರುವುದು ಕಯಾಸ್ಮಸ್. ಕೇಳಲು ಸೊಗಸು, ಆದರೆ ಹೇಳಿದ್ದೇನು? ನನ್ನನ್ನು ನಂಬಿ, ಯಾಕೆಂದರೆ ನಾನು ನಂಬಿಕಸ್ಥ. ವಾದ ಅಲ್ಲೇ ಸುತ್ತುತ್ತದೆ.

‘ನಾಟ್ ದಟ್ ಐ ಲವ್ಡ್ ಸೀಸರ್ ಲೆಸ್, ಬಟ್ ದಟ್ ಐ ಲವ್ಡ್ ರೋಮ್ ಮೋರ್’. ಸೀಸರ್ ಒಂದು ಕಡೆ ರೋಮ್ ಒಂದು ಕಡೆ, ಕಡಿಮೆ ಒಂದು ಕಡೆ ಜಾಸ್ತಿ ಒಂದು ಕಡೆ. ಆಂಟಿಥೆಸಿಸ್. ಇದಾದ ಮೇಲೆ ಬರುವ ವಾಕ್ಯ ಇನ್ನೂ ಗಮನಿಸಬೇಕಾದದ್ದು. ಸೀಸರ್ ನನ್ನನ್ನು ಪ್ರೀತಿಸಿದ, ಅದಕ್ಕೆ ಅಳುತ್ತೇನೆ. ಅವನು ಅದೃಷ್ಟವಂತ, ಅದಕ್ಕೆ ಸಂತೋಷಪಡುತ್ತೇನೆ. ಶೂರ, ಅದಕ್ಕೆ ಗೌರವಿಸುತ್ತೇನೆ. ಆದರೆ ಅಧಿಕಾರದಾಸೆಯವ, ಅದಕ್ಕೆ ಕೊಂದೆ. ನಾಲ್ಕೂ ಒಂದೇ ಅಚ್ಚು, ಪ್ಯಾರಲಲಿಸಮ್. ಮೂಲದಲ್ಲಿ ಪ್ರತಿ ತುಂಡೂ ‘ಆ್ಯಸ್’ ಎಂದು ಶುರುವಾಗುವುದರಿಂದ ಅನಾಫರ ಕೂಡ. ಅದರ ಕೆಲಸ? ಅಳು, ಸಂತೋಷ, ಗೌರವ ಇವುಗಳ ಸಾಲಿನಲ್ಲೇ ಕೊಲೆಯೂ ಬಂದು ಕೂರುತ್ತದೆ, ಅದೂ ಒಂದು ಸಹಜ ಪ್ರತಿಕ್ರಿಯೆ ಎಂಬಂತೆ. ಸಾಲಿನ ಹೊಂದಾಣಿಕೆಯೇ ತಪ್ಪನ್ನು ಮರೆಮಾಡುತ್ತದೆ.

ಮುಂದೆ ‘ಗುಲಾಮನಾಗಲು ಬಯಸುವಷ್ಟು ನೀಚ ಇಲ್ಲಿ ಯಾರಿದ್ದೀರಿ’ ಎಂಬ ಧಾಟಿಯಲ್ಲಿ ಮೂರು ಪ್ರಶ್ನೆ. ರೆಟರಿಕಲ್ ಕ್ವೆಶ್ಚನ್. ‘ನಾನು’ ಎಂದು ಕೈ ಎತ್ತುವವರು ಯಾರು? ಪ್ರತಿ ಪ್ರಶ್ನೆಯ ಕೊನೆಗೂ ಒಂದೇ ಮಾತು ಬರುತ್ತದೆ, ಅದು ಎಪಿಸ್ಟ್ರೊಫಿ. ಅನಾಫರ ಮೊದಲಲ್ಲಿ, ಎಪಿಸ್ಟ್ರೊಫಿ ಕೊನೆಯಲ್ಲಿ. ಇಷ್ಟು ಸಾಕು ಅದಕ್ಕೆ.

ಹೇಳದೆ ಹೇಳುವುದು

ಇನ್ನೆರಡು ಅಲಂಕಾರ ಇವೆ, ನೋಟ್ಸ್‌ನ ಪಟ್ಟಿಗಳಲ್ಲಿ ಅಪರೂಪ, ಬದುಕಿನಲ್ಲಿ ದಿನವೂ ಇವೆ. ‘ಪಕ್ಕದ ಮನೆ ವಿಷಯ ನಮಗ್ಯಾಕೆ ಬಿಡಿ, ಆ ಹುಡುಗ ಕೆಲಸ ಬಿಟ್ಟು ಮೂರು ತಿಂಗಳಾಯ್ತಂತೆ ಅಂತೆಲ್ಲ ನಾನು ಹೇಳಲ್ಲ.’ ಹೇಳಿಯೇ ಆಯಿತಲ್ಲ! ಇದು ಪ್ಯಾರಲಿಪ್ಸಿಸ್. ಆಂಟನಿ ಸೀಸರ್‌ನ ಉಯಿಲನ್ನು ಎತ್ತಿ ತೋರಿಸಿ ಓದುವುದಿಲ್ಲ ಅನ್ನುತ್ತಾನೆ. ಆಮೇಲೆ, ನೀವೇ ಅವನ ವಾರಸುದಾರರು ಎಂದು ನಿಮಗೆ ಗೊತ್ತಾಗದಿರುವುದೇ ಒಳ್ಳೆಯದು ಅನ್ನುತ್ತಾನೆ. ಜನ ಓದು ಓದು ಎಂದು ಬೊಬ್ಬೆ ಹಾಕುತ್ತಾರೆ. ಉಯಿಲಿನಲ್ಲಿ ಪ್ರತಿ ರೋಮನ್ ನಾಗರಿಕನಿಗೂ ಎಪ್ಪತ್ತೈದು ಡ್ರಾಕ್ಮಾ ಹಣ ಇದೆ ಎಂಬ ಸುದ್ದಿ ಹೊರಬರುವಷ್ಟರಲ್ಲಿ ಅವರು ಪೂರ್ತಿ ಅವನ ಕೈಯಲ್ಲಿದ್ದಾರೆ.

ಇನ್ನೊಂದು ಅಪೋಸಿಯೋಪೀಸಿಸ್, ಮಾತನ್ನು ನಡುವೆ ನಿಲ್ಲಿಸುವುದು. ನನ್ನ ಹೃದಯ ಸೀಸರ್ ಜೊತೆ ಪೆಟ್ಟಿಗೆಯಲ್ಲಿದೆ, ಅದು ಮರಳುವವರೆಗೆ ನಿಲ್ಲಬೇಕು ಎಂದು ಆಂಟನಿ ಸುಮ್ಮನಾಗುತ್ತಾನೆ. ಆ ಬಿಡುವಿನಲ್ಲಿ ಗುಂಪು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತದೆ. ಪಾಪ, ಅತ್ತು ಅತ್ತು ಕಣ್ಣು ಕೆಂಪಾಗಿದೆ ಎಂದು ಒಬ್ಬ ಅನ್ನುತ್ತಾನೆ. ಆ ಬಿಡುವು ನಿಜವಾದ ದುಃಖವೋ, ಲೆಕ್ಕಾಚಾರವೋ? ಎರಡೂ ಎಂದು ನನ್ನ ಅನಿಸಿಕೆ. ನೀವು ಬೇರೆ ವಾದಿಸಬಹುದು, ಪಠ್ಯ ಅದಕ್ಕೆ ಜಾಗ ಬಿಟ್ಟಿದೆ.

ಉತ್ತರ ಬರೆಯುವಾಗ

ಒಂದು ಸಾಲಿನಲ್ಲಿ ನಾಲ್ಕು ಅಲಂಕಾರ ಸಿಕ್ಕರೆ ನಾಲ್ಕನ್ನೂ ಸುರಿಯಬೇಡಿ. ‘ಓ ಜಡ್ಜ್‌ಮೆಂಟ್! ದೌ ಆರ್ಟ್ ಫ್ಲೆಡ್ ಟು ಬ್ರೂಟಿಶ್ ಬೀಸ್ಟ್ಸ್’ ಎಂಬಲ್ಲಿ ವಿವೇಕವನ್ನು ಎದುರಿಗಿದ್ದಂತೆ ಕರೆಯುವ ಅಪಾಸ್ಟ್ರೊಫಿ ಇದೆ, ಅದಕ್ಕೆ ಓಡಿಹೋಗುವ ಕಾಲು ಕೊಟ್ಟ ಪರ್ಸಾನಿಫಿಕೇಶನ್ ಇದೆ, ಬಿ ಸದ್ದಿನ ಅಲಿಟರೇಶನ್ ಇದೆ, ‘ಬ್ರೂಟಿಶ್’ನಲ್ಲಿ ಬ್ರೂಟಸ್‌ನ ಹೆಸರು ಕೇಳಿಸುವ ಪನ್, ಅಂದರೆ ಶ್ಲೇಷೆ ಇದೆ. ಪ್ರಶ್ನೆ ಆಂಟನಿಯ ಜಾಣತನದ ಬಗ್ಗೆ ಇದ್ದರೆ ಶ್ಲೇಷೆ ಎತ್ತಿಕೊಳ್ಳಿ, ಯಾಕೆಂದರೆ ಅಲ್ಲೂ ಅವನು ಬೈಯದೆ ಬೈದಿದ್ದಾನೆ. ಉಳಿದವು ಬೇರೆ ಪ್ರಶ್ನೆಗೆ.

ಬರೆಯುವ ಕ್ರಮ ಹೀಗಿರಲಿ: ಸಾಲು ಉಲ್ಲೇಖಿಸಿ, ಹೆಸರು ಹೇಳಿ, ಅದನ್ನು ಯಾವ ಪದದಿಂದ ಗುರುತಿಸಿದಿರಿ ಎಂದು ತೋರಿಸಿ, ಆಮೇಲೆ ಅದು ಕೇಳುವವರಿಗೆ ಏನು ಮಾಡಿತು ಎಂದು ಬರೆಯಿರಿ. ಕೊನೆಯದಕ್ಕೇ ಜಾಸ್ತಿ ಜಾಗ. ‘ಇಲ್ಲಿ ಕವಿ ಐರನಿ ಬಳಸಿದ್ದಾನೆ, ಇದರಿಂದ ಭಾಷಣದ ಸೌಂದರ್ಯ ಹೆಚ್ಚಿದೆ’ ಎಂಬ ವಾಕ್ಯ ಯಾವ ಭಾಷಣಕ್ಕೂ ಹೊಂದುತ್ತದೆ, ಹಾಗಾಗಿ ಯಾವುದಕ್ಕೂ ಉಪಯೋಗ ಇಲ್ಲ. ಅದರ ಬದಲು: ‘ಬ್ರೂಟಸ್‌ನನ್ನು ಬೈಯುವುದಿಲ್ಲ ಎಂದು ಒಪ್ಪಿದ್ದರಿಂದ ಆಂಟನಿ ಅವನನ್ನು ಆನರಬಲ್ ಎಂದು ಮತ್ತೆ ಮತ್ತೆ ಹೊಗಳುತ್ತಾನೆ; ಮೊದಲ ಸಲ ಬಿಟ್ಟರೆ ಮುಂದಿನ ಹೊಗಳಿಕೆಗಳಿಗೆ ಮುಂಚೆ ಅದಕ್ಕೆ ವಿರುದ್ಧವಾದ ಸಾಕ್ಷಿ ಇಡುತ್ತಾನೆ; ಕೊನೆಗೆ ಆ ಪದವನ್ನು ಗುಂಪೇ ಬೈಗುಳವಾಗಿ ಕೂಗುತ್ತದೆ.’ ಇದನ್ನು ಬೇರೆ ಯಾವ ಭಾಷಣಕ್ಕೂ ಅಂಟಿಸಲು ಆಗುವುದಿಲ್ಲ.

ಪ್ರಶ್ನೆ ಪರ್ಸ್ವೇಶನ್, ಅಂದರೆ ಮನವೊಲಿಸುವುದರ ಬಗ್ಗೆ ಇದ್ದರೆ ಅರಿಸ್ಟಾಟಲ್‌ನ ಮೂರು ಪದ ಸಾಕು: ಮಾತಾಡುವವನ ಮೇಲಿನ ನಂಬಿಕೆ ಈಥಾಸ್, ಕೇಳುವವರ ಭಾವನೆ ಪೇಥಾಸ್, ಕಾರಣ ಸಾಕ್ಷಿ ಲೋಗಾಸ್. ಬ್ರೂಟಸ್ ಬಹುಮಟ್ಟಿಗೆ ತನ್ನ ಗೌರವದ ಮೇಲೆ ನಿಂತಿದ್ದಾನೆ, ಈಥಾಸ್. ಆಂಟನಿ ಕಿರೀಟದ ಕತೆಯಲ್ಲಿ ಲೋಗಾಸ್, ರಕ್ತ ಹತ್ತಿದ ನಿಲುವಂಗಿ ಎತ್ತಿ ತೋರಿಸಿದಾಗ ಪೇಥಾಸ್, ನಾನು ಬರೀ ಒರಟು ಮನುಷ್ಯ ಅಂದಾಗ ಈಥಾಸ್, ಮೂರನ್ನೂ ಬಳಸುತ್ತಾನೆ.

ಮುಂದಿನ ಅಭ್ಯಾಸಕ್ಕೆ ಹಿಂದಿನ ದೃಶ್ಯದ ಕೊನೆಯಲ್ಲಿ ಆಂಟನಿ ಒಬ್ಬನೇ ಆಡುವ ಮಾತು ತಗೊಳ್ಳಿ. ಅಲ್ಲಿ ಕೇಳುವ ಗುಂಪಿಲ್ಲ, ಷರತ್ತೂ ಇಲ್ಲ. ಶವವನ್ನು ‘ಬ್ಲೀಡಿಂಗ್ ಪೀಸ್ ಆಫ್ ಅರ್ತ್’ ಎಂದು ಕರೆಯುತ್ತಾನೆ, ಗಾಯಗಳನ್ನು ಅಲ್ಲೂ ಮೂಕ ಬಾಯಿಗಳಿಗೆ ಹೋಲಿಸುತ್ತಾನೆ, ಸೀಸರ್‌ನ ಆತ್ಮ ಯುದ್ಧದ ನಾಯಿಗಳನ್ನು ಬಿಡುತ್ತದೆ ಅನ್ನುತ್ತಾನೆ. ಪ್ರತಿ ಅಲಂಕಾರಕ್ಕೂ ಹೆಸರು ಬರೆದ ಮೇಲೆ ಪಕ್ಕದಲ್ಲಿ ಇನ್ನೊಂದು ಕಾಲಮ್ ಹಾಕಿ: ಮೂಕ ಬಾಯಿಯ ಅದೇ ಹೋಲಿಕೆ ಒಬ್ಬನೇ ಇದ್ದಾಗ ಏನು ಮಾಡುತ್ತದೆ, ಜನರ ಮುಂದೆ ಏನು ಮಾಡುತ್ತದೆ. ಈ ಕಾಲಮ್ ತುಂಬಿಸಲು ಪಟ್ಟಿಯಲ್ಲಿ ಉತ್ತರ ಸಿಗುವುದಿಲ್ಲ, ಎರಡೂ ದೃಶ್ಯಗಳನ್ನು ಮತ್ತೊಮ್ಮೆ ಓದಬೇಕಾಗುತ್ತದೆ.